ಇಪ್ಪತ್ತನಾಲ್ಕು ಕೌದಿ, ಹತ್ತು ಮಷೀನು

ಪುಕ್ಕಟೆ ಸಿಕ್ಕ ಆ ಬಟ್ಟೆ ನನಗೆ ಎಷ್ಟಕ್ಕೆ ಬಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಹಳಿಯಾಳದಿಂದ ದಾಂಡೇಲಿಗೆ ಎರಡು ಸಲ ಟೆಂಪೋ ಬಾಡಿಗೆ, ನನ್ನ ಶೆಡ್ಡಿನ ಅರ್ಧ ಜಾಗ, ಹನ್ನೆರಡು ದಿನದ ವ್ಯಾಪಾರ, ಮತ್ತು ಒಬ್ಬ ಸಾಹೇಬರ ಮುಂದೆ ನನ್ನ ಮಾತಿಗೆ ಇದ್ದ ತೂಕ. ಬಾಡಿಗೆ ಯಾಕೆಂದರೆ ದಾನ ಕೊಡುವವರು ಬಟ್ಟೆ ಕೊಡುತ್ತಾರೆ, ಗಾಡಿ ಕೊಡುವುದಿಲ್ಲ. ಜಾಗ ಯಾಕೆಂದರೆ ನಮ್ಮ ಮಳೆಗಾಲದಲ್ಲಿ ಬಟ್ಟೆಯ ಗಂಟನ್ನು ನೆಲಕ್ಕೆ ತಾಗಿಸಿ ಇಟ್ಟರೆ ನಾಲ್ಕನೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಹಲಗೆ ಹಾಕಿ, ಗೋಡೆ ಬಿಟ್ಟು, ಗಾಳಿ ಆಡುವಂತೆ ಪೇರಿಸಬೇಕು. ವ್ಯಾಪಾರ ಯಾಕೆಂದರೆ ಜಾಗ ಹೋದ ಮೇಲೆ ರದ್ದಿ ಎಲ್ಲಿ ಇಳಿಸಲಿ? ಇನ್ನು ಮಾತಿನ ತೂಕ ಹೋದದ್ದು ಒಂದು ತುಂಡು ಚಪಾತಿ ಮತ್ತು ಒಂದು ಚೂರು ಬೆಲ್ಲದಿಂದ. ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಾನು ಗುಜರಿಯವಳು. ದಾಂಡೇಲಿಯ ಕಾಗದದ ಮಿಲ್ಲಿನ ಕಾರ್ಮಿಕರ ಚಾಳುಗಳಲ್ಲಿ ಬುಟ್ಟಿ ಹೊತ್ತು ಹಳೆ ಪೇಪರು, ಖಾಲಿ ಬಾಟಲಿ ಕೊಂಡು ಶುರು ಮಾಡಿದವಳು. ಈಗ ಸ್ವಂತ ಶೆಡ್ಡಿದೆ, ತೂಕದ ಯಂತ್ರವಿದೆ, ನಾಲ್ಕು ತಾಲೂಕಿನಲ್ಲಿ ನನ್ನ ಫೋನ್ ನಂಬರು ಇದೆ. ಯಾವ ಸಾಮಾನನ್ನು ನೋಡಿದರೂ ಅದು ಯಾರಿಗೆ ಬೇಡ, ಯಾರಿಗೆ ಬೇಕು ಎಂದು ಎರಡೂ ಕಡೆ ಲೆಕ್ಕ ಹಾಕುವುದು ನನಗೆ ಉಸಿರಾಟದಷ್ಟೇ ಸಹಜ.

ಕೆಲವು ವರ್ಷದ ಹಿಂದೆ ಜೋಯಿಡಾ ಕಡೆಯ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯೊಬ್ಬರು ಬಂದು, ಕಾಗದದ ಸುರುಳಿಗಳ ಒಳಗಿನ ದಪ್ಪ ರಟ್ಟಿನ ಕೊಳವೆಗಳನ್ನು ಆರಿಸಿಕೊಂಡು ಹೋದರು. ಮೊದಲ ಸಲ ದುಡ್ಡು ತೆಗೆದುಕೊಂಡೆ. ಎರಡನೇ ಸಲ ಅವರು ಫೋನಿನಲ್ಲಿ ಫೋಟೋ ತೋರಿಸಿದರು: ಕೊಳವೆಗಳನ್ನು ಗಿಡ್ಡ, ಉದ್ದ ಕತ್ತರಿಸಿ ನಿಲ್ಲಿಸಿದ್ದಾರೆ, ಮಕ್ಕಳು ಅದರೊಳಗೆ ಬಿದಿರಿನ ಮಣಿ ಹಾಕಿ ಬಿಡಿ, ಹತ್ತು, ನೂರು ಕಲಿಯುತ್ತಿದ್ದಾರೆ. ಆಮೇಲೆ ದುಡ್ಡು ತೆಗೆದುಕೊಳ್ಳಲಿಲ್ಲ. ಪೂರಾ ಪುಣ್ಯಕ್ಕಾಗಿ ಅಲ್ಲ. ಶಿಕ್ಷಕಿಯರು ನನ್ನ ಅಂಗಡಿಗೆ ಬಂದರೆ ಆ ಶಾಲೆಗಳ ರದ್ದಿಯೂ ನನ್ನಲ್ಲಿಗೇ ಬರುತ್ತದೆ. ಹೀಗೆ ಶೆಡ್ಡಿನ ಒಂದು ಮೂಲೆ ಶಾಲೆಯ ಸಾಮಾನಿಗೆ ಎಂದು ಆಯಿತು. ರಟ್ಟು, ಪ್ಲೈವುಡ್ ತುಂಡು, ಗುಂಡಿ, ದಾರದ ಉಂಡೆ. ಹಳಿಯಾಳದಿಂದ, ಮುಂಡಗೋಡಿನ ಸನವಳ್ಳಿಯಿಂದ ಸಹ ಶಿಕ್ಷಕಿಯರು ಬಸ್ಸಿನಲ್ಲಿ ಚೀಲ ತಂದು ತುಂಬಿಕೊಂಡು ಹೋಗತೊಡಗಿದರು.

ಆಗಲೇ ಹಳಿಯಾಳ ರಸ್ತೆಯ ಒಂದು ಸಮವಸ್ತ್ರ ಹೊಲಿಯುವ ಘಟಕದ ಸುದ್ದಿ ಬಂತು. ಬಣ್ಣ ಒಂದು ಛಾಯೆ ಆಚೀಚೆ ಆದ ಬಟ್ಟೆಯ ಸುರುಳಿಗಳು, ಕತ್ತರಿಸಿ ಉಳಿದ ತುಂಡುಗಳು ರಾಶಿ ಬಿದ್ದಿವೆಯಂತೆ, ಕಲಿಕೆಗೆ ಬಳಸುವವರಿಗೆ ಹಾಗೇ ಕೊಡುತ್ತಾರಂತೆ. ಜೊತೆಗೆ ಹರಾಜಿಗೆ ಹೋಗಲಿರುವ ಹಳೆಯ ಹತ್ತು ಹೊಲಿಗೆ ಮಷೀನುಗಳೂ ಇವೆಯಂತೆ. ಮರುದಿನವೇ ಹೋದೆ. ಉಗ್ರಾಣ ನೋಡಿಕೊಳ್ಳುವ ಸಾಹೇಬರು ಎರಡು ತಾಸು ಕೂರಿಸಿದರು.

“ಬಟ್ಟಿ ಒಯ್ರಿ, ಬ್ಯಾಡ ಅನ್ನೂದಿಲ್ಲ,” ಅಂದರು. “ಮಷೀನಿನ ಮಾತು ಬ್ಯಾರೆ.”

“ಯಾಕ್ರಿ ಸಾಹೇಬ್ರ?”

“ನೀವು ಗುಜರಿಯವರು. ಇವತ್ತು ಕ್ಲಾಸ್ ಅಂತೀರಿ, ನಾಳೆ ತೂಕಕ್ಕ ಹಾಕ್ತೀರಿ.”

“ತೂಕಕ್ಕ ಹಾಕೂದಿದ್ರ ಹರಾಜಿನವರ ಲಾರಿ ಹಿಂದಿಂದನ ಬರ್ತಿದ್ನಿ. ಮುಂದಿನ ಗೇಟಿನಾಗ ಎರಡು ತಾಸು ಯಾಕ ಕುಂಡಿ ಸವಸ್ತಿದ್ನಿ?”

ಅವರು ನಗಲಿಲ್ಲ. ಆದರೆ ಪೆನ್ನು ಕೆಳಗಿಟ್ಟರು. ಅದು ನನಗೆ ಸಾಕಾಗಿತ್ತು. ಎದುರಿನವರು ಪೆನ್ನು ಕೆಳಗಿಟ್ಟರೆ ಮಾತುಕತೆ ಶುರುವಾಯಿತು ಎಂದೇ ಅರ್ಥ. ನಾನು ಹೇಳಿದೆ: ಈ ಬಟ್ಟೆಯಿಂದ ಜೋಯಿಡಾದ ಅಂಗನವಾಡಿಗಳಿಗೆ ಕಲಿಕೆಯ ಕೌದಿ ಹೊಲಿಸುತ್ತೇನೆ. ನಾಲ್ಕು ಮಕ್ಕಳು ಸುತ್ತ ಕೂರುವಷ್ಟು ಹಾಸು, ಅದರ ಮೇಲೆ ಜೇಬುಗಳು, ಜೇಬಿನಲ್ಲಿ ಬಟ್ಟೆಯ ಅಕ್ಷರಗಳು, ಗುಂಡಿ ಹಾಕುವುದು, ಲಾಡಿ ಕಟ್ಟುವುದು, ಜಿಪ್ ಎಳೆಯುವುದು, ಎಲ್ಲ ಅದರ ಮೇಲೇ. ಹೊಲಿಯುವವರು ನಮ್ಮ ಚಾಳಿನ ಹೆಂಗಸರು. ಮಷೀನು ಬಂದರೆ ಅವರಿಗೇ ಹೊಲಿಗೆ ತರಗತಿ.

“ಹದಿನೈದು ಮಾಡಿ ತೋರಿಸ್ರಿ ಮೊದ್ಲ.”

“ಹದಿನೈದು ಯಾಕ? ಇಪ್ಪತ್ತನಾಲ್ಕು ಮಾಡ್ತೇವಿ.”

ಇದು ನನ್ನ ಚಾಳಿ. ಎದುರಿನವರು ಅನುಮಾನ ಪಟ್ಟಾಗ ಸಂಖ್ಯೆ ಏರಿಸಿ ಬಾಯಿ ಮುಚ್ಚಿಸುವುದು. ಕೊಳ್ಳುವ ವ್ಯಾಪಾರದಲ್ಲಿ ಇದು ನಡೆಯುತ್ತದೆ. ಹೊಲಿಯುವ ಕೈ ಬೇರೆಯವರದಾಗಿದ್ದಾಗ ನಡೆಯುವುದಿಲ್ಲ ಎಂದು ಆಗ ಹೊಳೆಯಲಿಲ್ಲ.

“ಹಂಗಾರ ಇಪ್ಪತ್ತನಾಲ್ಕಂತ ಬರದು ಮ್ಯಾಲ ಕಳಸ್ತೇನಿ,” ಅಂದರು ಸಾಹೇಬರು. “ಬರೂ ವಾರದ್ದಲ್ಲ, ಅದರಾಚಿ ಸೋಮವಾರ. ಹತ್ತು ಗಂಟೆಕ್ಕ ನಿಮ್ಮ ಶೆಡ್ಡಿಗೆ ಬರ್ತೇನಿ. ನೋಡಿ ಸರಿ ಅನಿಸಿದ್ರ ಅಲ್ಲಿಂದನ ಫೋನ್ ಮಾಡಿ ಮಷೀನ್ ತಗದಿಡಸ್ತೇನಿ. ಇಲ್ಲಂದ್ರ ಅವತ್ತ ಮಧ್ಯಾಹ್ನ ಹರಾಜಿನ ಲಾರಿ ಬರ್ತೈತಿ. ಸಣ್ಣ ಹುಡುಗ್ರು ಕುಂದರೂ ಹಾಸಿಗಿ, ಸ್ವಚ್ಛ ಇರಬೇಕು.”

ಹೊಲಿಯುವವರಲ್ಲಿ ಮುಖ್ಯಳು ಸವದತ್ತಿ ಕಡೆಯವಳು. ಮೂವತ್ತೈದರ ಆಚೀಚೆ ವಯಸ್ಸು. ಗಂಡ ಮಿಲ್ಲಿಗೆ ಸರಕು ಇಳಿಸುವ ಗುತ್ತಿಗೆಯ ಕೆಲಸದವನು. ಆ ಕೆಲಸ ವಾರಕ್ಕೆ ಮೂರು ದಿನಕ್ಕೆ ಇಳಿದಿತ್ತು. ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಸಂಸಾರ ಸಮೇತ ಬನ್ನಿ ಎಂದು ಒಬ್ಬ ಮೇಸ್ತ್ರಿ ಕರೆದಿದ್ದ. ಸಾಹೇಬರು ಬಂದು ಹೋಗುವ ಮರುದಿನವೇ, ಮಂಗಳವಾರ ಬೆಳಿಗ್ಗೆ, ಗಾಡಿ ಹೊರಡುತ್ತದೆ, ಅಷ್ಟರೊಳಗೆ ಹೌದು ಅಲ್ಲ ಹೇಳಬೇಕು. ಹೋದರೆ ಒಂಬತ್ತನೇ ಕ್ಲಾಸಿನ ಮಗಳ ಶಾಲೆ ಅಲ್ಲಿಗೇ ಮುಗಿಯಿತು. ಮಷೀನು ಬಂದರೆ ತರಗತಿಯ ಶಿಕ್ಷಕಿ ಅವಳೇ ಎಂದು ನಾನು ಮಾತು ಕೊಟ್ಟಿದ್ದೆ. ಕಲಿಯುವವರಿಂದ ತಿಂಗಳಿಗೆ ಇಷ್ಟು ಅವಳಿಗೆ, ಘಟಕದವರು ಹೊರಗೆ ಹೊಲಿಸಲು ಕೊಡುವ ದಿಂಬಿನ ಚೀಲದ ಕೆಲಸವೂ ಅವಳ ಕೈಯಲ್ಲೇ. ಹೆಂಗಸರು ಅವಳನ್ನು ಆಗಲೇ ‘ಅಕ್ಕೋರ’ ಎಂದು ಕಾಡಿಸುತ್ತಿದ್ದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಹಾಗೆ ಕರೆಯುತ್ತಾರೆ.

“ಅಕ್ಕೋರ, ನನ್ನ ಸೂಜಿಗಿ ದಾರ ಪೋಣಿಸ್ರಿ, ಇಲ್ಲಂದ್ರ ನಿಮ್ಮ ಸೀರಿ ಮ್ಯಾಲ ಶಾಯಿ ಹಾಕ್ತೇನಿ.”

“ಪೋಣಿಸ್ತೇನಿ, ಮೊದಲ ಕಿವಿ ಹಿಡಕೊಂಡು ಹತ್ತು ಸಲ ಕುಂತು ಏಳು.”

ಆರು ಜನ ಕೂತರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ನವಲಗುಂದ ಕಡೆಯ ಅಜ್ಜಿ, ಇಬ್ಬರು ಸೊಸೆಯರನ್ನೂ ಕರೆತಂದಿದ್ದಳು. ಖಾಕಿ, ನೀಲಿ, ಕಂದು, ಚೌಕಳಿಯ ತುಂಡುಗಳನ್ನು ಹಾಸಿ, ನಾಲ್ಕು ಪದರ ಇಟ್ಟು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಗೆ. ಕೌದಿ ಹೊಲಿಯುವವರ ಕೈ ನೋಡಿದ್ದರೆ ನಿಮಗೆ ಗೊತ್ತು, ಅಳತೆಪಟ್ಟಿ ಬೇಡ, ಗೀರು ಬೇಡ, ಸಾಲು ಸೆಟೆದು ನಿಂತಿರುತ್ತದೆ. ಅಕ್ಷರಗಳ ಅಳತೆಯನ್ನು ಜೋಯಿಡಾದ ಆ ಮುಖ್ಯ ಶಿಕ್ಷಕಿ ರಟ್ಟಿನಲ್ಲಿ ಕತ್ತರಿಸಿ ಕಳಿಸಿದ್ದರು. ಶುಕ್ರವಾರ ಸಂಜೆಗೆ ಇಪ್ಪತ್ತನಾಲ್ಕೂ ಮುಗಿದವು. ಗುರುವಾರ, ಶುಕ್ರವಾರ ಎರಡೂ ದಿನ ನಾನು ಜೋಯಿಡಾದಲ್ಲಿ ಕೌದಿಗಳನ್ನು ಅಂಗನವಾಡಿಗಳಿಗೆ ಹಂಚುವ ಗಾಡಿಗೆ ಚೌಕಾಸಿ ಮಾಡುತ್ತಿದ್ದೆ. ಎಲ್ಲದರ ಕೊನೆಯ ಮೂಲೆ ಮುಚ್ಚಿದ್ದು ಆ ಎರಡು ದಿನದಲ್ಲೇ, ಆಗ ನಾನು ಅಲ್ಲಿರಲಿಲ್ಲ. ತಪ್ಪು ಅದೇ.

ಶನಿವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆದಾಗ ಗೋಡೆಯ ಬುಡದಿಂದ ಒಂದು ಕೆಂಪು ಗೆರೆ ಎದ್ದು ಹಲಗೆ ಹತ್ತಿ ಕೌದಿಯ ರಾಶಿಯೊಳಗೆ ಹೋಗಿತ್ತು. ದಾರವೆಂದುಕೊಂಡೆ. ದಾರ ಹರಿದಾಡುತ್ತಿತ್ತು. ಇರುವೆ. ಮೇಲಿನ ಕೌದಿ ಎತ್ತಿದೆ. ಒಂದು ಮೂಲೆಯಲ್ಲಿ ಕಂದು ಕಲೆ, ಮುಟ್ಟಿದರೆ ಅಂಟು. ಅದರ ಕೆಳಗಿನದರಲ್ಲೂ ಅದೇ ಮೂಲೆ, ಅದೇ ಕಲೆ. ಅಡಿಯ ಎರಡಕ್ಕೆ ಇಲಿ ಬಾಯಿ ಹಾಕಿ ಮೂರು ಬೆರಳು ತೂರುವಷ್ಟು ತೂತು ಮಾಡಿತ್ತು.

ಏನಾಗಿದೆ ಎಂದು ಆ ಕ್ಷಣದಲ್ಲೇ ತಿಳಿಯಿತು. ನಾನೂ ಹುಟ್ಟಿದಾಗಿನಿಂದ ಕೌದಿಯಲ್ಲೇ ಮಲಗಿದವಳು. ನಮ್ಮ ಕಡೆ ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಒಳಗೆ ಒಂದು ತುಂಡು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿಯುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರ ಮನೆ ಹಸಿದಿರುತ್ತದೆ ಎಂಬ ನಂಬಿಕೆ. ಮನೆಯಲ್ಲಿ ದಿನಾ ಕೊಡವಿ, ಬಿಸಿಲಿಗೆ ಹಾಕುವ ಕೌದಿಯಲ್ಲಿ ಆ ಒಣ ತುಂಡು ಹೆಸರಿಲ್ಲದೆ ಪುಡಿಯಾಗಿ ಹೋಗುತ್ತದೆ. ಮಳೆಗಾಲದ ಶೆಡ್ಡಿನಲ್ಲಿ ಇಪ್ಪತ್ತನಾಲ್ಕು ಒಂದರ ಮೇಲೊಂದು ಪೇರಿಸಿದಾಗ ಹಾಗಾಗುವುದಿಲ್ಲ.

ಹೆಂಗಸರು ಬಂದ ಕೂಡಲೇ ಬಾಯಿಗೆ ಬಂದಂತೆ ಬೈದೆ. ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತ ಎಲ್ಲ ಕೇಳಿಸಿಕೊಂಡಳು.

“ಮುಗೀತೇನವಾ? ಹೊಟ್ಟಿ ತುಂಬಿಸದ ಕೌದಿ ಯಾರ ಹೊಲದಾರ? ನಿಮ್ಮವ್ವ ಹೊಲದಿದ್ಲೇನ?”

“ರೊಟ್ಟಿ ಇಟ್ಟಿದ್ರ ಒಣಗಿ ಹೋಗ್ತಿತ್ತು. ಈ ಅಂಟು ಏನಿದು?”

“ಚಪಾತಿ, ಬೆಲ್ಲ,” ಅಂದಳು ಸವದತ್ತಿಯವಳು ಮೆಲ್ಲಗೆ. “ಸಣ್ಣ ಕೂಸುಗೋಳಿಗೆ ಹೊಂಟಾವಂತ ನಾನ ಹೇಳಿದ್ನಿ ಯಕ್ಕಾ. ಸಿಹಿ ಇರ್ಲಿ ಅಂತ.”

ಮನಸ್ಸು ಆಗಲೇ ಬೇರೆ ದಾರಿ ಹುಡುಕುತ್ತಿತ್ತು. ನನಗೆ ಹೊಳೆದದ್ದನ್ನು ಮುಚ್ಚಿಡುವುದಿಲ್ಲ, ಇದೂ ವ್ಯಾಪಾರದಲ್ಲಿ ಕಲಿತದ್ದೇ. ಇರುವೆ ಪುಡಿ ಹೊಡೆದು, ಕಲೆಯ ಮೂಲೆಯನ್ನು ಒಳಕ್ಕೆ ಮಡಚಿ, ಕಲೆ ಕಡಿಮೆ ಇರುವ ಆರನ್ನು ಮೇಲಿಟ್ಟರೆ ಸಾಹೇಬರು ಎರಡು ಎತ್ತಿ ನೋಡಿ, ಎಣಿಸಿ ಹೋಗುತ್ತಾರೆ. ಅವರು ಫೋನ್ ಮಾಡಿ ಹೇಳಿದ ಮೇಲೆ ಮಷೀನು ನಮ್ಮದು. ಕೌದಿಗಳನ್ನು ಆಮೇಲೆ ನಿಧಾನಕ್ಕೆ ಸರಿ ಮಾಡಿಕೊಳ್ಳಬಹುದು. ಪುಡಿಯ ಡಬ್ಬಿ ಕೈಗೆತ್ತಿಕೊಂಡೆ.

ಸವದತ್ತಿಯವಳು ಬಂದು ಡಬ್ಬಿಯ ಮೇಲೆ ಕೈಯಿಟ್ಟಳು.

“ಇದು ಬ್ಯಾಡ ಯಕ್ಕಾ.”

“ಸೋಮವಾರ ನಿನಗ ಮಷೀನ್ ಬೇಕೋ ಬ್ಯಾಡೋ?”

“ಬೇಕು. ನನಗ ಬೇಕಾದಷ್ಟು ಯಾರಿಗೂ ಬೇಕಿಲ್ಲ.”

“ಮತ್ತ?”

“ಸಾಹೇಬ್ರು ಕೈಲೆ ಮುಟ್ಟಿ ಹೋಗ್ತಾರ. ಕೂಸು ಅಂಚು ಬಾಯಾಗ ಇಟ್ಕೋತೈತಿ. ಅವತ್ತ ಗಾಡಿಯಾಗ ಹೇರಿ ಕಳಿಸಿದ್ರ ಆಮ್ಯಾಲ ಎಲ್ಲಿಂದ ಸರಿ ಮಾಡ್ತಿ?”

ಹಂಚಿಕೆಯ ಗಾಡಿಯನ್ನು ಸೋಮವಾರವೇ ಬರಹೇಳಿದ್ದವಳು ನಾನೇ. ಡಬ್ಬಿ ಇಟ್ಟುಬಿಟ್ಟೆ. ಇನ್ನು ಉಳಿದದ್ದು ಒಂದೇ ದಾರಿ: ಇಪ್ಪತ್ತನಾಲ್ಕರ ಮೂಲೆಯನ್ನೂ ಬಿಚ್ಚಿ, ಒಳಗಿನದನ್ನು ತೆಗೆದು, ಅಂಟಿದ ಪದರ ಕತ್ತರಿಸಿ, ತೊಳೆದು, ಹೊಸ ತುಂಡು ಕೂಡಿಸಿ, ಮತ್ತೆ ಹೊಲಿಯುವುದು. ಒಂದಕ್ಕೆ ಒಂದೂವರೆ ತಾಸು. ಆರು ಜನ ಕೂತರೆ ಶನಿವಾರವೇ ಮುಗಿಯುತ್ತಿತ್ತು.

ಆದರೆ ಆರು ಜನ ಕೂರಲಿಲ್ಲ. ಕತ್ತರಿ ಕೊಡಲು ಹೋದರೆ ಅಜ್ಜಿ ಕೈ ಹಿಂದಕ್ಕೆ ಎಳೆದುಕೊಂಡಳು.

“ತುಂಬಿದ ಹೊಟ್ಟಿ ಬಗಿಯೂದು ನನ್ನ ಕೈಲೆ ಆಗೂದಿಲ್ಲ. ಖಾಲಿ ಹೊಟ್ಟಿ ಕೌದಿ ಮ್ಯಾಲ ಇನ್ನೊಬ್ಬರ ಕೂಸು ಕುಂದರ್ಸಿದ ಪಾಪ ನನಗ ಬ್ಯಾಡ.”

“ಅಜ್ಜಿ, ಅದು ಪಾಠ ಕಲಿಯೂ ಹಾಸಿಗಿ. ಕೌದಿ ಅಲ್ಲ.”

“ನಾಕು ಪದರ ಐತಿ, ಕೈಹೊಲಿಗಿ ಐತಿ. ಮತ್ತೇನು, ಅದು ಪ್ಯಾಂಟೇನ?”

ಸೊಸೆಯರು ಅತ್ತೆಯ ಮುಖ ನೋಡಿದರು, ಕತ್ತರಿ ಮುಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವರೂ ಎದ್ದು ಹೋದರು. ಸವದತ್ತಿಯವಳೂ ಸೇರಿ ಉಳಿದ ಮೂವರೂ ಬಿಚ್ಚಲು ಅಂಜುತ್ತಿದ್ದರು. ನೀನು ಮೊದಲು, ನೀನು ಮೊದಲು ಎನ್ನುತ್ತಲೇ ಸಂಜೆಯಾಯಿತು. ಮೊದಲ ಮೂಲೆಯನ್ನು ನಾನೇ ಕತ್ತರಿಸಿದೆ. ಹೊಲಿಗೆ ಬಾರದ ಕೈ. ದಾರದ ಜೊತೆ ಬಟ್ಟೆಯನ್ನೂ ಕತ್ತರಿಸಿದೆ. ಶನಿವಾರ ಮುಗಿದಾಗ ಬಿಚ್ಚಿದ್ದವು ಮೂರು, ಹೊಲಿದದ್ದು ಒಂದೂ ಇಲ್ಲ. ಸವದತ್ತಿಯವಳ ಗಂಡ ಬಾಗಿಲಿಗೆ ಬಂದು ನಿಂತು ಆ ಮೂರನ್ನೂ ನೋಡಿದ.

“ಮೇಸ್ತ್ರಿಗಿ ಹೂಂ ಅಂತ ಹೇಳ್ಲೇನ?”

ಅವಳು ಸೂಜಿಯಿಂದ ಕಣ್ಣೆತ್ತಲಿಲ್ಲ. “ಸೋಮವಾರ ಹೇಳೂಣು.”

ಭಾನುವಾರ ಬೆಳಿಗ್ಗೆ ಅವಳು ಶೆಡ್ಡಿಗೆ ಬರುವ ಮೊದಲು ಅಜ್ಜಿಯ ಮನೆಗೆ ಹೋದಳಂತೆ. ನಾನು ಹೋಗಿದ್ದರೆ ಚೌಕಾಸಿ ಮಾಡುತ್ತಿದ್ದೆ: ಇಷ್ಟು ಕೊಡುತ್ತೇನೆ, ಬಾ. ಅವಳು ಹೋಗಿ ಕೇಳಿದ್ದು ಬೇರೆ. “ಅಜ್ಜಿ, ಇರುವಿ ಹತ್ತಬಾರದು, ಇಲಿ ಮುಟ್ಟಬಾರದು, ಹೊಟ್ಟಿನೂ ಖಾಲಿ ಇರಬಾರದು. ಏನಿಡೂಣು ಹೇಳ?”

ಒಂಬತ್ತರ ಸುಮಾರಿಗೆ ಅಜ್ಜಿ ಸೊಸೆಯರ ಸಮೇತ ಬಂದಳು. ಕೈಯಲ್ಲಿ ಮಡಚಿದ ಒಂದು ಬಿಳಿ ಬಟ್ಟೆ, ತೊಳೆದು ಒಲೆಯ ಮೇಲೆ ಒಣಗಿಸಿದ್ದು, ಇನ್ನೂ ಬೆಚ್ಚಗಿತ್ತು. ದಿನಾ ರೊಟ್ಟಿ ಸುತ್ತಿಡುವ ಅರಿವೆ. ನನ್ನ ಕಡೆ ನೋಡದೆ ಕೂತು ಅದನ್ನು ಹರಿಯತೊಡಗಿದಳು, ಬೆರಳಗಲದ ಪಟ್ಟಿ ಪಟ್ಟಿಯಾಗಿ.

“ಇಪ್ಪತ್ತು ವರ್ಷ ಇದರಾಗ ರೊಟ್ಟಿ ಇಟ್ಟೀನಿ. ಒಂದು ದಿನಾನೂ ಇದು ಖಾಲಿ ಇದ್ದಿಲ್ಲ. ಇದನ್ನ ಇಡ್ರಿ ಒಳಗ. ಇದನ್ನ ಯಾವ ಇರುವಿ ತಿಂತೈತಿ ನೋಡೂಣು.” ಆಮೇಲೆ ನನ್ನ ಕಡೆ ತಿರುಗಿ, “ನೀ ಕತ್ತರಿ ಮುಟ್ಟಬ್ಯಾಡ. ನಿನ್ನಿ ಕೌದಿ ಕತ್ತರಿಸೀಯೋ ಕೋಳಿ ಕೊಯ್ದೀಯೋ ತಿಳೀವಲ್ದು,” ಅಂದಳು.

ಕೆಲಸ ಓಡಿತು. ಒಬ್ಬಳು ಬಿಚ್ಚುವುದು, ಒಬ್ಬಳು ತೊಳೆಯುವುದು, ನಾಲ್ವರು ಹೊಲಿಯುವುದು. ಬಿಚ್ಚಲು ಮುಂದಾದವಳು ಈಗ ಅಜ್ಜಿಯೇ. ನನ್ನ ಪಾಲಿಗೆ ಬಂದದ್ದು ಒಣಗಿಸುವ ಕೆಲಸ, ಅಲ್ಲೇ ನಮ್ಮ ಕುತ್ತಿಗೆ ಸಿಕ್ಕಿಕೊಂಡಿತು. ಹೊರಗೆ ಜಡಿಮಳೆ ಹಿಡಿದಿತ್ತು. ಒದ್ದೆ ಮೂಲೆಯನ್ನು ಹೊಲಿದು ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಎರಡು ಇಸ್ತ್ರಿ ಪೆಟ್ಟಿಗೆ ಎರವಲು ತಂದೆ. ಹನ್ನೊಂದಕ್ಕೆ ಕರೆಂಟು ಹೋಯಿತು. ಚಾಳಿನ ಮನೆಮನೆಗೆ ಹೋಗಿ, ಒಲೆ ಉರಿಯುತ್ತಿದ್ದಲ್ಲೆಲ್ಲ ಒಂದೊಂದು ಕೌದಿಯ ಒದ್ದೆ ಮೂಲೆ ಹಿಡಿದು ಆರಿಸಿದೆ. ಒಬ್ಬಾಕೆ ಸಾರಿನ ಪಾತ್ರೆ ಇಳಿಸಿ ಜಾಗ ಕೊಟ್ಟಳು. ಇನ್ನೊಬ್ಬಾಕೆ ಕೊಡಲಿಲ್ಲ. ಮೂರಕ್ಕೆ ಕರೆಂಟು ಬಂತು. ಹೊತ್ತು ಇಳಿಯುವಾಗ ಎಣಿಸಿದೆ: ಹದಿನಾರು. ಸೋಮವಾರ ಬೆಳಿಗ್ಗೆ ಆರಕ್ಕೆ ಮತ್ತೆ ಕೂತರು. ಹತ್ತಕ್ಕೆ ಬರುವ ಸಾಹೇಬರ ಗಾಡಿ ಒಂಬತ್ತಕ್ಕೇ ಬಂತು, ಅಷ್ಟರಲ್ಲಿ ಒಣಗಿ ಮುಗಿದದ್ದು ಇನ್ನೆರಡೇ. ಹದಿನೆಂಟು.

ಅವರು ಕುರ್ಚಿ ಬೇಡವೆಂದರು. ಹದಿನೆಂಟನ್ನೂ ಒಂದೊಂದಾಗಿ ಎತ್ತಿ, ಜೇಬಿನಲ್ಲಿ ಕೈ ಹಾಕಿ, ಗುಂಡಿ ಹಾಕಿ ತೆಗೆದು, ಅಂಚನ್ನು ಎರಡು ಬೆರಳಿನಲ್ಲಿ ಎಳೆದು ನೋಡಿದರು. ಎರಡು ಎತ್ತಿ ನೋಡಿ ಹೋಗುತ್ತಾರೆ ಎಂದು ನಾನು ಹಾಕಿದ್ದ ಲೆಕ್ಕ ಅಲ್ಲೇ ಕೆಟ್ಟಿತು. ಶನಿವಾರ ಆ ಪುಡಿ ಹೊಡೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಹನ್ನೆರಡನೆಯದಕ್ಕೆ ಅವರು ನಿಂತರು.

“ಈ ಮೂಲಿ ದಾರ ಯಾಕ ಹೊಸಾದು ಐತಿ? ಎಲ್ಲಾದರಾಗೂ ಒಂದ ಮೂಲಿ.”

“ಅದು ಡಿಸೈನ್ ಸಾಹೇಬ್ರ,” ಅಂದೆ. ಬಾಯಿ ನನ್ನನ್ನು ಕೇಳದೆ ಹೇಳಿತ್ತು. “ಹುಡುಗ್ರಿಗೆ ಯಾವ ಕಡೆ ಮ್ಯಾಲ, ಯಾವ ಕಡೆ ಕೆಳಗ ತಿಳೀಲಿ ಅಂತ.”

ಅವರು ನನ್ನ ಮುಖ ನೋಡಿದರು. ಹಿಂದಿನಿಂದ ಸವದತ್ತಿಯವಳ ದನಿ ಬಂತು.

“ಡಿಸೈನ್ ಅಲ್ರಿ. ಅದರಾಗ ಚಪಾತಿ, ಬೆಲ್ಲ ಇಟ್ಟಿದ್ವಿ. ಇರುವಿ ಹತ್ತಿದ್ವು. ಬಿಚ್ಚಿ, ತೊಳದು ಹೊಲದೀವಿ. ಇನ್ನ ಆರು ಆಗಿಲ್ಲ, ಒಳಗ ಅದಾವ. ಅದರಾಗ ಎರಡನ್ನ ಇಲಿ ಕಡದೈತಿ.”

ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಗಿಯುವುದು ನಿಲ್ಲಿಸಿದ್ದಳು. ಸಾಹೇಬರು ಆರನ್ನೂ ತರಿಸಿ ನೋಡಿದರು. ಒಂದರ ಮೂಲೆಯನ್ನು ಮೂಸಿದರು.

“ಇಪ್ಪತ್ತನಾಲ್ಕು ಅಂದಿದ್ರಿ.”

“ನೀವು ಕೇಳಿದ್ದು ಹದಿನೈದು,” ಅಂದೆ. “ಹದಿನೆಂಟು ಅದಾವ.”

“ನಾ ಮ್ಯಾಲ ಬರದದ್ದು ಇಪ್ಪತ್ತನಾಲ್ಕು. ಅದು ನಿಮ್ಮ ಬಾಯಿಂದ ಬಂದದ್ದು. ಈಗ ಡಿಸೈನ್ ಅಂದದ್ದೂ ನಿಮ್ಮ ಬಾಯಿನ. ಹತ್ತು ಮಷೀನಿಗಿ ನಾ ಸಹಿ ಮಾಡಾಕ ಆಗೂದಿಲ್ಲ.”

“ಎಷ್ಟಕ್ಕ ಆಗ್ತೈತಿ?”

“ಒಂದಕ್ಕೂ ಆಗೂದಿಲ್ಲ.”

ನನ್ನ ಜೀವನದಲ್ಲಿ ಒಂದಕ್ಕೂ ಇಲ್ಲ ಎಂಬ ಮಾತಿನಿಂದಲೇ ಎಷ್ಟೋ ವ್ಯಾಪಾರ ಶುರುವಾಗಿವೆ. ಆದರೆ ಅವತ್ತು ನನ್ನ ಹತ್ತಿರ ಇಡಲಿಕ್ಕೆ ಏನೂ ಇರಲಿಲ್ಲ, ಮಾತು ಸಹ. ಆದ್ದರಿಂದ ಕೌದಿಗಳನ್ನೇ ಇಟ್ಟೆ.

“ಸಾಹೇಬ್ರ, ಆರು ಕಡಿಮಿ ಆಗ್ಯಾವ. ಆರು ಮಷೀನ್ ಕಡಿಮಿ ಮಾಡ್ರಿ. ಆಗಿದ್ದಕ್ಕ ಯಾಕ ಶಿಕ್ಷಾ? ಇವರು ಬೇಕಂದ್ರ ಮುಚ್ಚಿ ಕೊಡಬಹುದಿತ್ತು. ಬಿಚ್ಚಿ ಕೊಟ್ಟಾರ.”

ಅವರು ಉಳಿದ ಆರನ್ನೂ ಇನ್ನೊಮ್ಮೆ ಎಣಿಸಿದರು. ಕೊನೆಗೆ ಹೊರಗೆ ಹೋಗಿ ಯಾರಿಗೋ ಮಾತಾಡಿ ಬಂದರು. “ನಾಕು ತಗದಿಡಾಕ ಹೇಳೀನಿ. ಉಳದ ಆರು ಲಾರಿಗಿ ಹೋಗ್ತಾವ. ಕೌದಿ ಇವತ್ತ ಹಂಚೂದು ಬ್ಯಾಡ, ನಮ್ಮ ಉಗ್ರಾಣದಾಗ ಒಂದು ವಾರ ಇಡ್ತೇನಿ. ಇರುವಿ ಬರಲಿಲ್ಲಂದ್ರ ನಾನ ಜೋಯಿಡಾಕ್ಕ ಕಳಸ್ತೇನಿ. ಮತ್ತ ಒಂದು ಮಾತು. ಮಷೀನಿನ ಕಾಗದ ಇವರ ಹೆಸರಿಗೆ ಆಗ್ಲಿ.” ಅವರ ಬೆರಳು ಸವದತ್ತಿಯವಳ ಕಡೆ ಇತ್ತು.

ಬಟ್ಟೆ ತಂದವಳು ನಾನು, ಜಾಗ ನನ್ನದು. ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಮೂಲೆಯ ದಾರಕ್ಕೆ ಹೆಸರು ಕೊಡುವಾಗ ನಾವಿಬ್ಬರೂ ಬೇರೆ ಬೇರೆ ಹೆಸರು ಕೊಟ್ಟಿದ್ದೆವು, ಅದನ್ನು ಕೇಳಿಸಿಕೊಂಡೇ ಅವರು ಹೇಳಿದ್ದು. ಹೂಂ ಅಂದೆ.

ಗಾಡಿ ಹೋದ ಮೇಲೆ ನಾನು ಸವದತ್ತಿಯವಳಿಗೆ ಹೇಗೆ ಮುಖ ತೋರಿಸಲಿ ಎಂದು ನಿಂತಿದ್ದೆ. ಹತ್ತು ಮಷೀನಿನ ಲೆಕ್ಕದಲ್ಲಿ ಹತ್ತು ಜನ ಕಲಿಯುವವರು, ಅವರ ಶುಲ್ಕದಲ್ಲಿ ಅವಳ ಸಂಬಳ. ನಾಲ್ಕರಲ್ಲಿ ನಾಲ್ಕು ಜನ. ಅದರಲ್ಲಿ ಮನೆ ಬಾಡಿಗೆಯೂ ಹುಟ್ಟುವುದಿಲ್ಲ. ಗಂಡ ಬಂದಾಗ ನಾನೇ ಹೇಳಿದೆ, ನಾಲ್ಕೇ ಸಿಕ್ಕವು, ನಿಮ್ಮ ದಾರಿ ನೀವು ನೋಡಿಕೊಳ್ಳಿ ಎಂದು.

ಅವಳು ಗಂಡನನ್ನು ನೋಡಿ ಕೇಳಿದಳು: “ಮಿಲ್ಲಿನಾಗ ಒಂದು ಮಷೀನ್ ಎಷ್ಟು ಪಾಳಿ ನಡೀತೈತಿ?”

“ಮೂರು.”

“ನಮ್ಮವು ಮೂರು ನಡೀಲಿ. ಮುಂಜಾನಿ ನಾಕು ಮಂದಿ, ಮಧ್ಯಾಹ್ನ ನಾಕು, ಸಂಜಿಮುಂದ ನಾಕು. ಹನ್ನೆರಡಾತು. ಹತ್ತಕ್ಕಿಂತ ಎರಡು ಹೆಚ್ಚ.”

“ಹುಚ್ಚಿ, ಮೂರೂ ಪಾಳಿ ನೀನ ಕುಂದರ್ತೀಯೇನ?”

“ನೀ ಎರಡೆರಡು ಪಾಳಿ ಮಾಡಿ ಬಂದಾಗ ನಾ ಏನರ ಅಂದೀನೇನ?”

ಈ ಊರಿನಲ್ಲಿ ಮಿಲ್ಲಿನ ಸೈರನ್ನಿನ ಮೇಲೆ ಅನ್ನಕ್ಕಿಟ್ಟು, ಸೈರನ್ನಿನ ಮೇಲೆ ಮಕ್ಕಳನ್ನು ಮಲಗಿಸಿ ಬದುಕಿದವರಿಗೆ ಆ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಮಾತ್ರ ಅದು ಹೊಳೆದಿರಲಿಲ್ಲ. ನಾನು ಮಷೀನು ಎಣಿಸುತ್ತಿದ್ದೆ, ಅವಳು ಹೊತ್ತು ಎಣಿಸುತ್ತಿದ್ದಳು. ಗಂಡ ಮಂಗಳವಾರ ಬೆಳಿಗ್ಗೆ ಮೇಸ್ತ್ರಿಯ ಗಾಡಿಯಲ್ಲಿ ಒಬ್ಬನೇ ಗೋವಾಕ್ಕೆ ಹೋದ. ಅವಳೂ ಮಗಳೂ ಉಳಿದರು. ಅವನು ಎರಡು ವಾರಕ್ಕೊಮ್ಮೆ ಬರುತ್ತಾನೆ. ಇದು ಗೆದ್ದದ್ದೋ ಸೋತದ್ದೋ ಎಂದು ಅವಳನ್ನು ನಾನು ಕೇಳಿಲ್ಲ.

ವಾರ ಕಳೆದರೂ ಕೌದಿಗೆ ಇರುವೆ ಹತ್ತಲಿಲ್ಲ, ಸಾಹೇಬರು ಮಾತಿನಂತೆ ಜೋಯಿಡಾಕ್ಕೆ ಕಳಿಸಿದರು. ನೀವು ನಿಮ್ಮ ಊರಿನಲ್ಲಿ ಇಂಥದ್ದೊಂದನ್ನು ಶುರು ಮಾಡುವುದಾದರೆ ನನ್ನ ಕೆಲವು ಮಾತು ಕೇಳಿ. ಉಳಿಕೆ ಸಾಮಾನು ಕೊಡುತ್ತೇನೆಂದು ಯಾರಾದರೂ ಹೇಳಿದರೆ ಹೂಂ ಎನ್ನುವ ಮೊದಲು ಹೋಗಿ ಕಣ್ಣಿನಿಂದ ನೋಡಿ, ಕೈಯಿಂದ ಮುಟ್ಟಿ. ಒಂದು ತುಂಡನ್ನು ಮನೆಗೆ ತಂದು ಉಪ್ಪು ನೀರಿನಲ್ಲಿ ನೆನೆಸಿ, ಬಣ್ಣ ಬಿಟ್ಟರೆ ಮಕ್ಕಳ ಕೆಲಸಕ್ಕೆ ಬೇಡ. ಎಲ್ಲ ಒಯ್ಯಿರಿ ಎಂದರೆ ಎಲ್ಲ ಒಯ್ಯಬೇಡಿ. ಒಂದು ತಿಂಗಳಲ್ಲಿ ಬಳಸಿ ಮುಗಿಸುವಷ್ಟು ಸಾಕು, ಉಳಿದದ್ದು ಅವರ ಜಾಗದಲ್ಲೇ ಇರಲಿ. ಯಾರು ಏನು ಕೊಟ್ಟರು, ಯಾವ ಶಾಲೆಗೆ ಏನು ಹೋಯಿತು ಎಂದು ಫೋಟೋ ತೆಗೆದು ಕೊಟ್ಟವರಿಗೆ ಕಳಿಸಿ. ಮುಂದಿನ ಸಲ ಗೇಟಿನಲ್ಲಿ ಕಾಯುವುದು ತಪ್ಪುತ್ತದೆ.

ಮಾಡುವವರ ಪರವಾಗಿ ನೀವು ಸಂಖ್ಯೆ ಹೇಳಬೇಡಿ. ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮಾತಾಡಿ. ನಾಚಿಕೊಂಡು ಸುಮ್ಮನಿದ್ದರೂ ಅವರ ಮುಖ ಹೇಳುತ್ತದೆ. ಕೆಲಸ ಶುರುವಾಗುವ ಮೊದಲು, ಇದನ್ನು ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ ಎಂದು ಪೂರಾ ಕೇಳಿ, ಮುಗಿಸುವ ಕೊನೆಯ ಗಂಟಿನವರೆಗೂ. ಅವರ ಪದ್ಧತಿ ಹೊಂದುವುದಿಲ್ಲವೆಂದು ಕಂಡರೆ ಬೇಡ ಎನ್ನಬೇಡಿ, ಬದಲಿಗೆ ಏನು ಮಾಡೋಣ ಎಂದು ಅವರಲ್ಲೇ ಹಿರಿಯರನ್ನು ಕೇಳಿ. ನಿಮ್ಮ ಬುದ್ಧಿಗಿಂತ ಬೇಗ ಅವರಿಗೆ ಹೊಳೆಯುತ್ತದೆ.

ಒಪ್ಪಿದ ದಿನಕ್ಕಿಂತ ಎರಡು ದಿನ ಮೊದಲೇ ಎಲ್ಲ ಮುಗಿಯುವಂತೆ ನೋಡಿಕೊಳ್ಳಿ, ಆ ಎರಡು ದಿನ ನೀವು ಊರು ಬಿಡಬೇಡಿ. ತರಗತಿ ನಡೆಯುವ ಕೋಣೆಗೆ ಎರಡು ಕಡೆ ಕಿಟಕಿ ಇರಲಿ, ಒಂದು ಕಡೆ ನೀರು ಇರಲಿ. ಹಳೆ ಮಷೀನು ಬಂದರೆ ಮೊದಲ ವಾರ ಯಾರಿಗೂ ಕಲಿಸಬೇಡಿ. ಒಬ್ಬ ರಿಪೇರಿಯವರನ್ನು ಕರೆಸಿ, ಎಣ್ಣೆ ಹಾಕುವುದು, ಬೆಲ್ಟ್ ಬದಲಿಸುವುದು, ಸೂಜಿ ಕೂರಿಸುವುದನ್ನು ಶಿಕ್ಷಕಿಗೆ ಕಲಿಸಿ. ಆ ಒಂದು ವಾರದ ಕೂಲಿಯನ್ನು ಆಕೆಗೆ ಕೊಡಿ, ಕೈ ಬಿಗಿ ಹಿಡಿಯಬೇಡಿ. ಸೂಜಿಗಳನ್ನು ಮಾತ್ರ ಪೊಟ್ಟಣಗಟ್ಟಲೆ ಒಮ್ಮೆಗೇ ತನ್ನಿ, ಬಿಡಿಯಾಗಿ ತಂದರೆ ಅಂಗಡಿಯವನು ನಿಮ್ಮನ್ನು ಸುಲಿಯುತ್ತಾನೆ.